ಚಾಕು ಇಲ್ಲದ ಆಪರೇಷನ್: ನಾನು ಹೇಳದೆ ಬಿಟ್ಟ ಅರ್ಧ ಕತೆ

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ, ಮಧ್ಯಾಹ್ನದ ಬುಲೆಟಿನ್‌ನಲ್ಲಿ ಮೂರು ನಿಮಿಷದ ಒಂದು ಸ್ಟೋರಿ ಓದಿದ್ದೆ. ಮಿದುಳಿನ ಗಡ್ಡೆಗೆ ಗಾಮಾ ನೈಫ್ ಚಿಕಿತ್ಸೆ. ಪರದೆಯ ಕೆಳಗೆ ಕೆಂಪು ಪಟ್ಟಿಯಲ್ಲಿ ಓಡುತ್ತಿದ್ದ ಸಾಲು ಇದು: ‘ಚಾಕು ಇಲ್ಲ, ರಕ್ತ ಇಲ್ಲ, ಒಂದೇ ದಿನದಲ್ಲಿ ಗಡ್ಡೆ ಮಾಯ!’ ಸಾಲು ಬರೆದವರು ಡೆಸ್ಕ್‌ನ ಹುಡುಗರು. ಆದರೆ ದನಿ ಏರಿಸಿ ಅದನ್ನ ಓದಿದ್ದು ನಾನು.

ಹತ್ತು ದಿನ ಆಗಿರಬೇಕು. ಆಫೀಸಿಗೆ ಒಂದು ಫೋನ್ ಬಂತು. ಹಾವೇರಿ ಕಡೆಯ ಒಬ್ಬ ತಂದೆ.

“ಸರ, ನಿಮ್ಮ ಚಾನೆಲ್ ನೋಡಿದ್ವಿರಿ. ಒಂದ ದಿನದಾಗ ಗಡ್ಡಿ ಹೋಗ್ತೈತಿ ಅಂದ್ರಲ್ರಿ. ನನ್ನ ಮಗಳಿಗೆ ಮೂವತ್ತು ಸಲ ಕರೆಂಟ್ ಕೊಡಬೇಕು ಅಂದಾರ. ಹನ್ನೊಂದು ಆಗೇತಿ. ಹುಡುಗಿ ಸೊರಗಿ ಕಡ್ಡಿ ಆಗ್ಯಾಳ. ಅದಕ್ಕ ಬಿಡಿಸ್ಕೊಂಡು ಊರಿಗೆ ಬಂದೀನಿ. ಆ ಒಂದ ದಿನದ್ದು ಎಲ್ಲಿ ಮಾಡ್ತಾರ ಹೇಳ್ರಿ, ಅಲ್ಲಿಗೇ ಕರ್ಕೊಂಡು ಹೋಗ್ತೀನಿ.”

ಎಂಟು ವರ್ಷದ ಮಗಳು. ಕಾಯಿಲೆ ಏನು ಅಂತ ಕೇಳಿದೆ. ಚೀಟಿ ನೋಡಿಕೊಂಡು ಅಕ್ಷರ ಅಕ್ಷರ ಕೂಡಿಸಿ ಓದಿದರು. ಮೆಡುಲ್ಲೋಬ್ಲಾಸ್ಟೋಮಾ.

ಪರಿಚಯದ ನರಶಸ್ತ್ರವೈದ್ಯರೊಬ್ಬರಿಗೆ ಫೋನ್ ಹಚ್ಚಿದೆ. ಅವರು ಕತೆ ಪೂರ್ತಿ ಕೇಳಲೇ ಇಲ್ಲ. “ಮೊದಲು ಅವರನ್ನ ವಾಪಸ್ ಆಸ್ಪತ್ರೆಗೆ ಕಳಿಸಿ. ಇವತ್ತೇ. ಉಳಿದಿದ್ದು ಆಮೇಲೆ ಮಾತಾಡೋಣ” ಅಂದರು. ಯಾಕಂದರೆ ಆ ಗಡ್ಡೆಗೆ ನಾನು ಟೀವಿಯಲ್ಲಿ ಕೂಗಿ ಹೇಳಿದ ಚಿಕಿತ್ಸೆ ಮದ್ದೇ ಅಲ್ಲ. ಅವರು ಬಿಟ್ಟು ಬಂದಿದ್ದರಲ್ಲ, ಅದೇ ಮದ್ದು.

ತಂದೆ ವಾಪಸ್ ಹೋದರು. ಅಷ್ಟರಲ್ಲಿ ಎಂಟು ದಿನ ತಪ್ಪಿಹೋಗಿತ್ತು. ಆಸ್ಪತ್ರೆಯಲ್ಲಿ ಬೈಸಿಕೊಂಡವರು ಅವರು. ಬೈಸಿಕೊಳ್ಳಬೇಕಾಗಿದ್ದವನು ನಾನು.

ಆವತ್ತಿನಿಂದ ಈ ವಿಷಯ ಓದೋಕೆ ಶುರು ಮಾಡಿದೆ. ಓದುತ್ತಾ ಹೋದಂತೆ ಗೊತ್ತಾಗಿದ್ದು ಏನು ಅಂದರೆ, ನಾನು ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ಉಳಿದ ಅರ್ಧ ಇವತ್ತು ಹೇಳ್ತೀನಿ. ಸ್ವಲ್ಪ ಹಿಂದಕ್ಕೆ ಹೋಗಬೇಕು. ನೂರಿಪ್ಪತ್ತೈದು ವರ್ಷಕ್ಕೂ ಹಿಂದಕ್ಕೆ.

1895ರ ನವೆಂಬರ್‌ನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್‌ಹೆಲ್ಮ್ ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದರು. ಸರಿಯಾಗಿ ಒಂದು ವರ್ಷದ ನಂತರ, 1896ರ ನವೆಂಬರ್‌ನಲ್ಲಿ, ವಿಯೆನ್ನಾದ ಲಿಯೋಪೋಲ್ಡ್ ಫ್ರಾಯಿಂಡ್ ಎಂಬ ಯುವ ವೈದ್ಯರ ಮುಂದೆ ಒಂದು ಹುಡುಗಿಯನ್ನ ತಂದು ಕೂರಿಸಿದರು. ವಯಸ್ಸು ಐದು. ಬೆನ್ನ ಮೇಲೆ ಕೂದಲು ಬೆಳೆದ ದೊಡ್ಡ ಮಚ್ಚೆ. ಎಕ್ಸ್-ರೇ ಜೊತೆ ಕೆಲಸ ಮಾಡುತ್ತಿದ್ದ ಅಮೆರಿಕದ ಎಂಜಿನಿಯರ್ ಒಬ್ಬರ ಕೂದಲು ಉದುರಿತು ಅನ್ನೋ ಸುದ್ದಿಯನ್ನ ಫ್ರಾಯಿಂಡ್ ಪೇಪರ್‌ನಲ್ಲಿ ಓದಿದ್ದರು. ನೋಡಿ, ಅಲ್ಲೂ ಒಂದು ಸುದ್ದಿಯೇ! ಕೂದಲು ಉದುರಿಸುವ ಕಿರಣ ಈ ಮಚ್ಚೆಯ ಕೂದಲನ್ನೂ ಉದುರಿಸಬಹುದಲ್ಲ ಅಂತ ಹೊಳೆಯಿತು. ದಿನಾ ಎರಡು ಗಂಟೆ ಆ ಮಗುವಿನ ಬೆನ್ನಿಗೆ ಎಕ್ಸ್-ರೇ ಹಾಯಿಸಿದರು.

ಕೂದಲು ಉದುರಿತು. ಪ್ರಯೋಗ ಗೆದ್ದಿತು. ಆಮೇಲೆ ಆ ಜಾಗದಲ್ಲಿ ಆಳವಾದ ಹುಣ್ಣಾಯಿತು. ಆಕೆ ಬದುಕಿದಳು, ಬೆಳೆದಳು, ತಾಯಿಯೂ ಆದಳು. 70 ವರ್ಷಗಳ ನಂತರ ವೈದ್ಯರು ಆಕೆಯನ್ನ ಮತ್ತೆ ಪರೀಕ್ಷೆ ಮಾಡಿದಾಗ ಬೆನ್ನ ಮೇಲೆ ಆ ಕಲೆ ಹಾಗೇ ಇತ್ತು.

ಈ ಘಟನೆಯನ್ನ ಯಾಕೆ ಹೇಳಿದೆ ಗೊತ್ತಾ? ವಿಕಿರಣ ಚಿಕಿತ್ಸೆಯ ಇತಿಹಾಸ ಬರೆಯುವವರು ಬಹುತೇಕ ಇಲ್ಲಿಂದಲೇ ಆರಂಭಿಸುತ್ತಾರೆ. ಅಂದರೆ ಮೊದಲ ಅಧ್ಯಾಯದಲ್ಲೇ ಒಂದು ಮಗು ಇದೆ. ಮೊದಲ ಪಾಠವೂ ಅಲ್ಲೇ ಇದೆ. ಮಗುವಿನ ಮೈಗೆ ಬಿದ್ದ ವಿಕಿರಣದ ಲೆಕ್ಕ ಆ ದಿನಕ್ಕೆ ಮುಗಿಯುವುದಿಲ್ಲ. ಅರವತ್ತರ ಮುದುಕನಿಗೆ ಇಪ್ಪತ್ತು ವರ್ಷದ ನಂತರ ಆಗಬಹುದಾದ ತೊಂದರೆ ದೊಡ್ಡ ಚಿಂತೆಯಲ್ಲ. ಆರು ವರ್ಷದ ಮಗುವಿಗೆ? ಇಪ್ಪತ್ತು ವರ್ಷದ ನಂತರ ಅದಕ್ಕೆ ಇಪ್ಪತ್ತಾರು. ಬದುಕು ಆಗ ತಾನೇ ಶುರು.

ಈಗ ಮಿದುಳಿಗೆ ಬರೋಣ.

ಆ ಹಾವೇರಿ ಹುಡುಗಿಗೆ ಇದ್ದ ಗಡ್ಡೆಗೆ ಹೆಸರಿಟ್ಟವರು ಅಮೆರಿಕದ ಹಾರ್ವಿ ಕುಶಿಂಗ್ ಮತ್ತು ಪರ್ಸಿವಲ್ ಬೈಲಿ. 1925ರಲ್ಲಿ. ಕುಶಿಂಗ್ ಅಂದರೆ ಆಧುನಿಕ ಮಿದುಳು ಶಸ್ತ್ರಚಿಕಿತ್ಸೆಯ ಪಿತಾಮಹ. ಅಂಥ ಕೈಯೇ ಈ ಗಡ್ಡೆಯ ಮುಂದೆ ಸೋತಿತ್ತು. 1930ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ 61 ರೋಗಿಗಳಲ್ಲಿ ಮೂರು ವರ್ಷದ ನಂತರ ಬದುಕಿದ್ದದ್ದು ಒಬ್ಬರು. ಯಾಕೆ ಹೀಗೆ? ಯಾಕಂದರೆ ಈ ಗಡ್ಡೆ ಹುಟ್ಟಿದ ಜಾಗದಲ್ಲೇ ಕೂರೋದಿಲ್ಲ. ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದ ದ್ರವದಲ್ಲಿ ಇದರ ಜೀವಕೋಶಗಳು ತೇಲಿಕೊಂಡು ಹೋಗುತ್ತವೆ. ಕಣ್ಣಿಗೆ ಕಾಣುವ ಗಡ್ಡೆಯನ್ನ ಕಿತ್ತರೂ ಬೀಜ ಎಲ್ಲೆಲ್ಲೋ ಬಿದ್ದಿರುತ್ತದೆ.

1953ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಈಡಿತ್ ಪ್ಯಾಟರ್ಸನ್ ಮತ್ತು ಫಾರ್ ಎಂಬ ಇಬ್ಬರು ಒಂದು ಲೇಖನ ಪ್ರಕಟಿಸಿದರು. ಅವರು ಮಾಡಿದ್ದಿಷ್ಟೆ: ಬೀಜ ಎಲ್ಲೆಲ್ಲಿ ಬಿದ್ದಿರಬಹುದೋ ಅಲ್ಲೆಲ್ಲ ವಿಕಿರಣ. ಇಡೀ ಮಿದುಳು, ಇಡೀ ಬೆನ್ನುಹುರಿ. 27 ರೋಗಿಗಳಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಎರಡು ಪಾಲು ಮೂರು ವರ್ಷ ದಾಟಿದರು. ಒಬ್ಬರು ಬದುಕುತ್ತಿದ್ದ ಕಾಯಿಲೆಯಲ್ಲಿ ಬಹುಪಾಲು ಬದುಕಲು ಶುರುವಾದರು. ಇದು ನಿಜವಾದ ಕ್ರಾಂತಿ. ನಮ್ಮ ಕಡೆ ಜನ ‘ಕರೆಂಟ್ ಕೊಡೋದು’ ಅಂತಾರಲ್ಲ, ಅದರ ಮೂಲ ಲೆಕ್ಕ ಇದೇ. ದಿನಕ್ಕೆ ಸ್ವಲ್ಪ ಸ್ವಲ್ಪ, ಸುಮಾರು ಮೂವತ್ತು ಸಲ. ಆರೋಗ್ಯವಂತ ಜೀವಕೋಶಕ್ಕೆ ಪ್ರತಿರಾತ್ರಿ ರಿಪೇರಿ ಮಾಡಿಕೊಳ್ಳಲು ಸಮಯ ಸಿಗುತ್ತೆ, ಗಡ್ಡೆಯ ಜೀವಕೋಶ ಅಷ್ಟು ಚೆನ್ನಾಗಿ ರಿಪೇರಿ ಆಗುವುದಿಲ್ಲ. ಮಧ್ಯೆ ಬಿಟ್ಟು ಎದ್ದು ಹೋದರೆ ಗಡ್ಡೆಗೆ ಉಸಿರು ತೆಗೆದುಕೊಳ್ಳಲು ಬಿಟ್ಟ ಹಾಗೆ. ಆ ಎಂಟು ದಿನ ನನ್ನನ್ನ ಯಾಕೆ ಕಾಡುತ್ತೆ ಅಂತ ಈಗ ಅರ್ಥ ಆಯ್ತಲ್ಲ?

ಆದರೆ ಬದುಕಿದ ಮಕ್ಕಳು ದೊಡ್ಡವರಾಗತೊಡಗಿದಾಗ ಎರಡನೆಯ ಬಿಲ್ ಬಂತು. ಶಾಲೆಯಲ್ಲಿ ಹಿಂದೆ ಬೀಳುವುದು, ನೆನಪು ಮಂದವಾಗುವುದು, ಎತ್ತರ ಬೆಳೆಯದಿರುವುದು, ಹಾರ್ಮೋನುಗಳ ಕೊರತೆ. ಮಗು ಎಷ್ಟು ಚಿಕ್ಕದೋ ನಷ್ಟ ಅಷ್ಟು ದೊಡ್ಡದು. ಮಿದುಳು ಇನ್ನೂ ಕಟ್ಟಡ ಏಳುತ್ತಿರುವ ಸೈಟ್ ಇದ್ದ ಹಾಗೆ. ಹಸಿ ಗೋಡೆಯ ಮೇಲೆ ಬೆಂಕಿ ಬಿದ್ದರೆ ಏನಾಗುತ್ತೋ ಅದೇ ಆಗುತ್ತೆ. ಕೊನೆಗೆ 1980ರ ದಶಕದಲ್ಲಿ ಅಮೆರಿಕದ ವೈದ್ಯರು ಮೂರು ವರ್ಷದೊಳಗಿನ ಮಕ್ಕಳಿಗೆ ಮೊದಲು ಔಷಧಿಯಲ್ಲೇ ಕಾಲ ತಳ್ಳಿ, ವಿಕಿರಣವನ್ನ ಆದಷ್ಟು ಮುಂದೂಡುವ ದಾರಿ ಹುಡುಕಬೇಕಾಯಿತು.

ಇದಕ್ಕಿಂತ ಕಹಿಯಾದ ಇನ್ನೊಂದು ಕತೆ ಇದೆ. ಅದು ಇಸ್ರೇಲಿನದು. 1948ರಿಂದ 1960ರ ನಡುವೆ ಉತ್ತರ ಆಫ್ರಿಕಾ, ಮಧ್ಯಪ್ರಾಚ್ಯದಿಂದ ಬಂದ ವಲಸೆ ಕುಟುಂಬಗಳ ಸಾವಿರಾರು ಮಕ್ಕಳ ತಲೆಗೆ ಎಕ್ಸ್-ರೇ ಹಾಯಿಸಲಾಯಿತು. ಯಾವುದಕ್ಕೆ? ಕ್ಯಾನ್ಸರಿಗಲ್ಲ. ನೆತ್ತಿಯ ಹುಳುಕಡ್ಡಿಗೆ! ಆಗ ಅದು ಹಲವು ದೇಶಗಳಲ್ಲಿ ಒಪ್ಪಿತ ಚಿಕಿತ್ಸೆಯೇ ಆಗಿತ್ತು. ಬರೂಕ್ ಮೋದಾನ್ ಎಂಬ ವೈದ್ಯವಿಜ್ಞಾನಿ ಆ ಪೈಕಿ ಸುಮಾರು 11,000 ಮಕ್ಕಳ ಬೆನ್ನು ಹತ್ತಿ 1974ರಲ್ಲಿ ವರದಿ ಪ್ರಕಟಿಸಿದರು. 1988ರ ಮುಂದಿನ ವರದಿಯ ಹೊತ್ತಿಗೆ ಚಿತ್ರ ಸ್ಪಷ್ಟವಾಗಿತ್ತು. ಆ ಮಕ್ಕಳಿಗೆ ಮಿದುಳಿನ ಪೊರೆಯ ಗಡ್ಡೆ ಬರುವ ಸಾಧ್ಯತೆ ಬೇರೆಯವರಿಗಿಂತ ಒಂಬತ್ತು ಪಟ್ಟಿಗೂ ಹೆಚ್ಚು. ಹುಳುಕಡ್ಡಿ ವಾಸಿಯಾಗಿತ್ತು, ಬದಲಿಗೆ ಗಡ್ಡೆ ಬಂದಿತ್ತು. 1994ರಲ್ಲಿ ಇಸ್ರೇಲ್ ಸಂಸತ್ತು ಪರಿಹಾರಕ್ಕೆಂದೇ ಕಾನೂನು ಮಾಡಿತು.

ಈಗ ನೀವೇ ಯೋಚನೆ ಮಾಡಿ. ಒಂದು ಕಡೆ ವಿಕಿರಣ ಇಲ್ಲದಿದ್ದರೆ ಮಗು ಉಳಿಯಲ್ಲ. ಇನ್ನೊಂದು ಕಡೆ ವಿಕಿರಣ ಕೊಟ್ಟರೆ ಮಗು ಜೀವನಪೂರ್ತಿ ಬೆಲೆ ಕಟ್ಟುತ್ತೆ. ಅತ್ತ ದರಿ, ಇತ್ತ ಪುಲಿ. ಹಾಗಾದರೆ ಕಿರಣ ಗಡ್ಡೆಗೆ ಮಾತ್ರ ಬಿದ್ದು, ಪಕ್ಕದ ಮಿದುಳಿಗೆ ಬೀಳದಿದ್ದರೆ?

ಈ ಪ್ರಶ್ನೆ ಕೇಳಿದ ಮನುಷ್ಯನ ಹೆಸರು ಲಾರ್ಸ್ ಲೆಕ್ಸೆಲ್. ಸ್ವೀಡನ್‌ನವರು, 1907ರಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಪಕ್ಕದ ಫಿನ್ಲೆಂಡಿಗೆ ಸ್ವಯಂಸೇವಕ ವೈದ್ಯರಾಗಿ ಹೋಗಿ ಗಾಯಾಳು ಸೈನಿಕರ ಆಪರೇಷನ್ ಮಾಡಿ ಬಂದವರು. ಆ ಕಾಲದಲ್ಲಿ ಮಿದುಳಿನ ಆಳಕ್ಕೆ ಕೈ ಹಾಕುವುದು ಅಂದರೆ ಸಾವಿನ ಜೊತೆ ಜೂಜು. ಮಿದುಳಿನಂಥ ಅಂಗಕ್ಕೆ ಎಷ್ಟು ನಯವಾದ ಉಪಕರಣ ತಂದರೂ ಅದು ಅತಿಯಾಗದು ಅನ್ನೋದು ಅವರ ನಂಬಿಕೆ.

1908ರಲ್ಲೇ ಲಂಡನ್‌ನಲ್ಲಿ ವಿಕ್ಟರ್ ಹಾರ್ಸ್ಲಿ ಮತ್ತು ರಾಬರ್ಟ್ ಕ್ಲಾರ್ಕ್ ಎಂಬುವವರು ಪ್ರಾಣಿಗಳ ತಲೆಗೆ ಲೋಹದ ಚೌಕಟ್ಟು ಕಟ್ಟಿ, ಉದ್ದ, ಅಗಲ, ಆಳದ ಅಳತೆಯಲ್ಲಿ ಮಿದುಳಿನ ಯಾವುದೇ ಬಿಂದುವನ್ನ ಮುಟ್ಟುವ ವಿಧಾನ ಕಂಡುಹಿಡಿದಿದ್ದರು. 1947ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಪೀಗಲ್ ಮತ್ತು ವೈಸಿಸ್ ಅದನ್ನ ಮನುಷ್ಯರಿಗೆ ತಂದರು. ಲೆಕ್ಸೆಲ್ ಅಲ್ಲಿಗೆ ಹೋಗಿ ನೋಡಿ ಬಂದರು. ತಮ್ಮದೇ ಒಂದು ಚೌಕಟ್ಟು ಮಾಡಿದರು. ಅದಕ್ಕೆ ಬಿಲ್ಲಿನಾಕಾರದ ಕಂಬಿ. ಕಂಬಿಯ ಮೇಲೆ ಎಲ್ಲಿಂದ ಸೂಜಿ ಬಿಟ್ಟರೂ ಅದು ಒಂದೇ ಕೇಂದ್ರಕ್ಕೆ ಹೋಗಿ ಮುಟ್ಟುತ್ತೆ.

ಅಲ್ಲಿಂದ ಒಂದೇ ಹೆಜ್ಜೆ. ಸೂಜಿಯ ಬದಲು ಕಿರಣ ಬಿಟ್ಟರೆ? 1951ರಲ್ಲಿ ಲೆಕ್ಸೆಲ್ ಈ ಯೋಚನೆಯನ್ನ ಬರೆದು ಪ್ರಕಟಿಸಿದರು. ಅದಕ್ಕೆ ಅವರಿಟ್ಟ ಹೆಸರೇ ರೇಡಿಯೋಸರ್ಜರಿ.

ಇದರ ಗುಟ್ಟು ಏನು? ನಮ್ಮೂರ ಸಂತೆ ಮಾಳ ನೆನಪಿಸಿಕೊಳ್ಳಿ. ಸುತ್ತ ನೂರೆಂಬತ್ತು ಹಳ್ಳಿ. ಪ್ರತಿ ಹಳ್ಳಿಯಿಂದ ಒಂದು ಕಾಲುದಾರಿ. ಒಂದೊಂದು ದಾರಿಯಲ್ಲೂ ನಾಲ್ಕೇ ಜನ ನಡೆದು ಬರ್ತಾರೆ. ದಾರಿಯ ಹುಲ್ಲಿಗೆ ಏನೂ ಆಗಲ್ಲ. ಆದರೆ ಅಷ್ಟೂ ಜನ ಬಂದು ಸೇರುವ ಸಂತೆ ಮಾಳದಲ್ಲಿ? ಒಂದು ಗರಿಕೆಯೂ ಉಳಿಯಲ್ಲ. ರೇಡಿಯೋಸರ್ಜರಿ ಅಂದರೆ ಇಷ್ಟೇ. ಒಂದೊಂದು ಕಿರಣವೂ ದುರ್ಬಲ, ದಾಟಿ ಬಂದ ಮಿದುಳಿಗೆ ಹೆಚ್ಚು ಹಾನಿ ಮಾಡಲ್ಲ. ಎಲ್ಲ ಸೇರುವ ಬಿಂದುವಿನಲ್ಲಿ ಮಾತ್ರ ಅದು ಪ್ರಹಾರ. ಅಲ್ಲಿಂದ ಕೆಲವೇ ಮಿಲಿಮೀಟರ್ ಆಚೆಗೆ ಅದರ ಶಕ್ತಿ ಥಟ್ಟನೆ ಇಳಿದುಬಿಡುತ್ತೆ.

ಯೋಚನೆ ಸರಳ, ಯಂತ್ರ ಸರಳ ಅಲ್ಲ. ಲೆಕ್ಸೆಲ್ ಮೊದಲು ಎಕ್ಸ್-ರೇ ಕೊಳವೆಯನ್ನೇ ಚೌಕಟ್ಟಿಗೆ ಕಟ್ಟಿ ನೋಡಿದರು. ಆಳಕ್ಕೆ ಶಕ್ತಿ ಸಾಲಲಿಲ್ಲ. 1950ರ ದಶಕದ ಕೊನೆಗೆ ಬೋರ್ಯೆ ಲಾರ್ಸನ್ ಎಂಬ ವಿಜ್ಞಾನಿಯ ಜೊತೆ ಸೇರಿ ಉಪ್ಸಾಲಾದ ಸೈಕ್ಲೋಟ್ರಾನ್‌ನಿಂದ ಪ್ರೋಟಾನ್ ಕಿರಣ ಪ್ರಯೋಗಿಸಿದರು. ಕೆಲಸವೇನೋ ಆಯಿತು, ಆದರೆ ಅಷ್ಟು ದೊಡ್ಡ ಯಂತ್ರ ಆಸ್ಪತ್ರೆಗೆ ತರೋದು ಹೇಗೆ? ಅದೇ ಹೊತ್ತಿಗೆ ಅಮೆರಿಕದಲ್ಲೂ ಇದೇ ಹಾದಿ ಹಿಡಿದವರಿದ್ದರು. 1961ರಲ್ಲಿ ಹಾರ್ವರ್ಡ್‌ನ ಸೈಕ್ಲೋಟ್ರಾನ್‌ನಲ್ಲಿ ರೇಮಂಡ್ ಶೆಲ್‌ಬರ್ಗ್ ಎಂಬ ವೈದ್ಯರು ಚಿಕಿತ್ಸೆ ಕೊಟ್ಟ ಮೊದಲ ರೋಗಿ ಎರಡು ವರ್ಷದ ಹೆಣ್ಣುಮಗು. ಮಿದುಳಿನಲ್ಲಿ ಮಾರಕ ಗಡ್ಡೆ. ಮಗು ಉಳಿಯಲಿಲ್ಲ. ಹೊಸ ಚಿಕಿತ್ಸೆಯ ಬಾಗಿಲಲ್ಲಿ ಮೊದಲು ನಿಂತಿರುವವರು ಯಾವಾಗಲೂ ಬೇರೆ ದಾರಿ ಇಲ್ಲದವರೇ.

ಕೊನೆಗೆ ಲೆಕ್ಸೆಲ್ ಆರಿಸಿಕೊಂಡದ್ದು ಕೋಬಾಲ್ಟ್-60. ತಾನಾಗಿಯೇ ಗಾಮಾ ಕಿರಣ ಉಗುಳುವ ಲೋಹ. ಬೋಗುಣಿ ಬೋರಲು ಹಾಕಿದಂಥ ಭಾರಿ ಲೋಹದ ಕವಚ, ಅದರಲ್ಲಿ 179 ರಂಧ್ರ, ಪ್ರತಿ ರಂಧ್ರದ ಹಿಂದೆ ಒಂದು ಕೋಬಾಲ್ಟ್ ತುಣುಕು, ಎಲ್ಲದರ ಗುರಿಯೂ ಒಂದೇ ಬಿಂದು. 1968ರ ಹೊತ್ತಿಗೆ ಸ್ಟಾಕ್‌ಹೋಮ್‌ನ ಸೋಫಿಯಾಹೆಮ್ಮೆಟ್ ಆಸ್ಪತ್ರೆಯಲ್ಲಿ ಅದು ಕೆಲಸ ಶುರು ಮಾಡಿತು. ಅದೇ ಗಾಮಾ ನೈಫ್. ಅದರಲ್ಲಿ ಚಾಕು ಗೀಕು ಏನೂ ಇಲ್ಲ, ಹೆಸರಷ್ಟೆ.

ಇಲ್ಲೊಂದು ಸ್ವಾರಸ್ಯ ಇದೆ. ಲೆಕ್ಸೆಲ್ ಈ ಯಂತ್ರ ಮಾಡಿದ್ದು ಗಡ್ಡೆಗಾಗಿ ಅಲ್ಲ! ಪಾರ್ಕಿನ್ಸನ್ ನಡುಕ, ತಾಳಲಾಗದ ನೋವು, ಇಂಥವಕ್ಕೆ ಮಿದುಳಿನೊಳಗೆ ಸಣ್ಣದೊಂದು ಬಿಂದುವನ್ನ ಸುಡುವುದು ಅವರ ಉದ್ದೇಶ. ಆದರೆ ಯಂತ್ರದ ಕೆಳಗೆ ಮಲಗಿದ ಮೊದಲ ರೋಗಿಗೆ ಇದ್ದದ್ದು ಕ್ರೇನಿಯೋಫ್ಯಾರಿಂಜಿಯೋಮಾ ಅನ್ನೋ ಗಡ್ಡೆ.

ಹೆಸರು ಉದ್ದ, ಆದರೆ ಇದನ್ನ ಸ್ವಲ್ಪ ತಿಳಿದುಕೊಳ್ಳಿ. ಈ ಗಡ್ಡೆ ಬರುವವರಲ್ಲಿ ಮಕ್ಕಳು, ಹದಿಹರೆಯದವರ ಪಾಲು ದೊಡ್ಡದು. ಸ್ವಭಾವದಲ್ಲಿ ಇದು ಕ್ಯಾನ್ಸರ್ ಅಲ್ಲ. ಆದರೆ ಕೂರುವ ಜಾಗ ನೋಡಿ. ತಲೆಯ ನಟ್ಟನಡುವೆ, ಪಿಟ್ಯುಟರಿ ಗ್ರಂಥಿಯ ಮೇಲೆ, ಎರಡೂ ಕಣ್ಣಿನ ನರಗಳು ಕೂಡುವ ಜಾಗದ ಪಕ್ಕದಲ್ಲೇ. ಪೂರ್ತಿ ಕೆತ್ತಿ ತೆಗೆಯೋಕೆ ಹೋದರೆ ಕಣ್ಣು ಹೋಗಬಹುದು, ಬೆಳವಣಿಗೆ ನಿಲ್ಲಬಹುದು. ಹಸಿವಿನ ಹಿಡಿತವೇ ತಪ್ಪಿ ಮಗು ತಿಂದು ತಿಂದು ಊದಿಕೊಳ್ಳಬಹುದು. ಬಿಟ್ಟರೆ ಮತ್ತೆ ಬೆಳೆಯುತ್ತೆ. ಕುಶಿಂಗ್ ಅಂಥವರೇ ಇದರ ಮುಂದೆ ತಲೆ ಕೆರೆದುಕೊಂಡಿದ್ದರು. ಲೆಕ್ಸೆಲ್ 1950ರ ದಶಕದ ಆರಂಭದಲ್ಲೇ ಈ ಗಡ್ಡೆಯ ನೀರಿನ ಚೀಲದೊಳಗೆ ವಿಕಿರಣಶೀಲ ರಂಜಕವನ್ನ ಸೂಜಿಯಲ್ಲಿ ಬಿಟ್ಟು ನೋಡಿದ್ದರು. ಈಗ ಗಟ್ಟಿ ಭಾಗಕ್ಕೆ ಹೊರಗಿನಿಂದ ಕಿರಣ. ಅಂದರೆ ತೆಗೆಯಬಹುದಾದಷ್ಟು ತೆಗೆ, ಮುಟ್ಟಬಾರದ ಚೂರನ್ನ ಮುಟ್ಟದೆ ಕಿರಣಕ್ಕೆ ಬಿಡು. ಮಕ್ಕಳ ರೇಡಿಯೋಸರ್ಜರಿಯ ನೀತಿ ಇವತ್ತಿಗೂ ಹೆಚ್ಚು ಕಡಿಮೆ ಇದೇ.

ಆದರೂ ಆ ಯಂತ್ರ ಆಗ ಅರೆಗುರುಡು. ಕಿರಣ ಮಿಲಿಮೀಟರ್ ತಪ್ಪದೆ ಹೋಗುತ್ತೆ, ಸರಿ. ಗಡ್ಡೆ ಎಲ್ಲಿದೆ ಅಂತ ಕಾಣಬೇಕಲ್ಲ? ಆ ದಿನಗಳಲ್ಲಿ ತಲೆಯೊಳಕ್ಕೆ ಗಾಳಿ ತುಂಬಿಸಿ ಎಕ್ಸ್-ರೇ ತೆಗೆದು, ನೆರಳು ನೋಡಿ ಅಂದಾಜು ಮಾಡಬೇಕಿತ್ತು. 1971ರ ಅಕ್ಟೋಬರ್‌ನಲ್ಲಿ ಲಂಡನ್‌ನ ವಿಂಬಲ್ಡನ್ ಬಳಿಯ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್‌ರ ಸಿ.ಟಿ. ಸ್ಕ್ಯಾನರ್ ಮೊದಲ ರೋಗಿಯ ಮಿದುಳನ್ನ ತೋರಿಸಿತು. 1980ರ ದಶಕದಲ್ಲಿ ಎಂ.ಆರ್.ಐ. ಬಂತು. ಬಂದೂಕಿಗೆ ಕಣ್ಣು ಬಂತು. 1987ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 201 ಕಿರಣಗಳ ಯಂತ್ರ ಕೂತಿತು. ಅದನ್ನ ತರಿಸಿದ ಡೇಡ್ ಲನ್ಸ್‌ಫರ್ಡ್ ಸ್ಟಾಕ್‌ಹೋಮ್‌ಗೆ ಹೋಗಿ ಕಲಿತು ಬಂದವರು. ಕೋಬಾಲ್ಟ್ ಇಲ್ಲದೆ ಲಿನಾಕ್ ಯಂತ್ರದಿಂದಲೇ ಇದನ್ನ ಮಾಡುವ ದಾರಿಯೂ 1980ರ ದಶಕದಲ್ಲೇ ತೆರೆಯಿತು. ಲೆಕ್ಸೆಲ್ ಬಳಿ ಕಲಿತ ಇನ್ನೊಬ್ಬ ಶಿಷ್ಯ, ಸ್ಟ್ಯಾನ್‌ಫರ್ಡ್‌ನ ಜಾನ್ ಆಡ್ಲರ್, ಗುರುವಿನ ಚೌಕಟ್ಟನ್ನೇ ಕಿತ್ತುಹಾಕಿದರು. ರೋಬೋಟ್ ತೋಳಿಗೆ ಯಂತ್ರ ಕಟ್ಟಿ, ತಲೆ ಅಲುಗಿದರೆ ಗುರಿಯೂ ಅಲುಗುವ ಹಾಗೆ ಮಾಡಿದರು. ಅದು ಸೈಬರ್ ನೈಫ್, ಮೊದಲ ರೋಗಿ 1994ರಲ್ಲಿ. ಅದನ್ನ ನೋಡಲು ಲೆಕ್ಸೆಲ್ ಇರಲಿಲ್ಲ. 1986ರ ಜನವರಿಯಲ್ಲಿ ಆಲ್ಪ್ಸ್ ಪರ್ವತದಲ್ಲಿ ತೀರಿಕೊಂಡಿದ್ದರು.

ಚೌಕಟ್ಟು ಹೋಗಿದ್ದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಅದು ನಾಲ್ಕು ಮೊಳೆಗಳಲ್ಲಿ ತಲೆಬುರುಡೆಗೆ ಕಚ್ಚಿಕೊಂಡು ಕೂರುತ್ತೆ. ದೊಡ್ಡವರು ಮರಗಟ್ಟುವ ಇಂಜೆಕ್ಷನ್‌ನಲ್ಲಿ ತಡೆದುಕೊಳ್ತಾರೆ. ಐದು ವರ್ಷದ ಮಗು? ಬುರುಡೆ ತೆಳು, ಮೊಳೆ ಬಿಗಿಯುವಾಗ ಎಚ್ಚರ ಬೇಕು. ಮಗು ಅಲುಗದೆ ಮಲಗಲ್ಲ, ಹಾಗಾಗಿ ಪೂರ್ತಿ ಅರಿವಳಿಕೆ ಕೊಡಬೇಕು. ಸ್ಕ್ಯಾನ್ ಮಾಡುವಾಗಲೂ ಅರಿವಳಿಕೆ, ಯಂತ್ರದ ಕೋಣೆಯಲ್ಲೂ ಅರಿವಳಿಕೆ. ‘ಚಾಕು ಇಲ್ಲ’ ಅಂತ ಕೂಗಿದ ನಾನು ಈ ನಾಲ್ಕು ಮೊಳೆಗಳ ಬಗ್ಗೆ ಹೇಳಿರಲಿಲ್ಲ. 2015ರಿಂದೀಚೆಗೆ ಗಾಮಾ ನೈಫ್‌ನಲ್ಲೂ ಮೊಳೆಯ ಬದಲು ಮುಖಕ್ಕೆ ಅಚ್ಚಾಗಿ ಕೂರುವ ಮುಖವಾಡ ಬಳಸುವ ಮಾದರಿ ಬಂದಿದೆ. ಮಕ್ಕಳಿಗೆ ಅದು ದೊಡ್ಡ ನೆಮ್ಮದಿ.

‘ಒಂದೇ ದಿನ’ ಅನ್ನೋದರ ಕತೆ ಏನು? ಕಿರಣ ಕೊಡೋದು ಒಂದೇ ದಿನ, ಹೌದು. ಗಡ್ಡೆ ಆ ದಿನ ಮಾಯ ಆಗಲ್ಲ. ಕಿರಣ ಅದರ ವಂಶವಾಹಿಯನ್ನ ತುಂಡರಿಸುತ್ತೆ. ಆಮೇಲೆ ಜೀವಕೋಶ ಒಡೆದು ಎರಡಾಗಲು ಹೋದಾಗ ಸಾಯುತ್ತೆ. ಹಾಗಾಗಿ ಬೆಳವಣಿಗೆ ನಿಲ್ಲುತ್ತೆ. ಮುದುಡೋದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಎಷ್ಟೋ ಸಲ ಗಡ್ಡೆ ಅಲ್ಲೇ ಇರುತ್ತೆ, ಬೆಳೆಯಲ್ಲ ಅಷ್ಟೆ. ಅದೇ ಗೆಲುವು. ನಡುವೆ ಸುತ್ತಲಿನ ಮಿದುಳು ಊದಿಕೊಂಡು ತೊಂದರೆ ಕೊಡುವುದೂ ಉಂಟು. ವರ್ಷಾನುಗಟ್ಟಲೆ ಎಂ.ಆರ್.ಐ. ಮಾಡಿಸುತ್ತಲೇ ಇರಬೇಕು.

ಹಾಗಾದರೆ ಯಾವ ಮಕ್ಕಳಿಗೆ ಇದು ಆಗುತ್ತೆ? ಗಡ್ಡೆ ಸಣ್ಣದಿರಬೇಕು, ಸಾಮಾನ್ಯವಾಗಿ ಮೂರು ಸೆಂಟಿಮೀಟರ್ ಒಳಗೆ. ಅಂಚು ಸ್ಪಷ್ಟವಾಗಿರಬೇಕು. ಕಣ್ಣಿನ ನರದಿಂದ ಸ್ವಲ್ಪ ದೂರ ಇರಬೇಕು, ಯಾಕಂದರೆ ಆ ನರ ಒಂದೇ ಏಟಿಗೆ ಎಂಟರಿಂದ ಹತ್ತು ಗ್ರೇ ದಾಟಿದರೆ ತಡೆಯೋದು ಕಷ್ಟ. ಗ್ರೇ ಅಂದರೆ ವಿಕಿರಣ ಅಳೆಯುವ ಮಾಪಕ. ಆಪರೇಷನ್ ನಂತರ ಉಳಿದ ಕ್ರೇನಿಯೋಫ್ಯಾರಿಂಜಿಯೋಮಾದ ಚೂರು, ನಿಧಾನವಾಗಿ ಬೆಳೆಯುವ ಕೆಲವು ಗ್ಲಯೋಮಾಗಳು, ತೆಗೆದ ಮೇಲೂ ಮರಳಿ ಬಂದ ಎಪೆಂಡೈಮೋಮಾ, ಕಿವಿಯ ನರದ ಗಡ್ಡೆ, ಪಿಟ್ಯುಟರಿ ಗಡ್ಡೆ, ಇಂಥ ಕಡೆ ಇದು ವರ. ಅದೇ ಬೀಜ ಚೆಲ್ಲುವ ಮೆಡುಲ್ಲೋಬ್ಲಾಸ್ಟೋಮಾಕ್ಕೆ ಮೊದಲ ಚಿಕಿತ್ಸೆಯಾಗಿ ಇದನ್ನ ಕೊಟ್ಟರೆ? ಹೊಲದ ತುಂಬ ಕಳೆ ಬಿದ್ದಿರುವಾಗ ಒಂದೇ ಗಿಡ ಕಿತ್ತ ಹಾಗೆ. ಮಿದುಳುಕಾಂಡದೊಳಗೆ ಹಾಲಿನಲ್ಲಿ ನೀರಿನಂತೆ ಬೆರೆತು ಹರಡುವ ಗಡ್ಡೆಗೂ ಇದು ಆಗಲ್ಲ. ಅಲ್ಲಿ ಗುರಿ ಇಡೋಕೆ ಅಂಚೇ ಇಲ್ಲ.

ಮತ್ತೆ ಆ ಇಸ್ರೇಲಿನ ಭಯ? ಇವತ್ತು ಕಿರಣ ಬಿಟ್ಟರೆ ನಾಳೆ ಇನ್ನೊಂದು ಗಡ್ಡೆ ಬರಲ್ವಾ? ನ್ಯಾಯವಾದ ಪ್ರಶ್ನೆ. 2019ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಗಾಮಾ ನೈಫ್ ಮಾಡಿಸಿಕೊಂಡ 4,905 ಜನರ ಲೆಕ್ಕ ತೆಗೆದವು. ಹೊಸದಾಗಿ ಕ್ಯಾನ್ಸರ್ ಹುಟ್ಟುವ ಅಪಾಯ ಸಾಮಾನ್ಯ ಜನರಿಗಿಂತ ಹೆಚ್ಚೇನೂ ಕಾಣಲಿಲ್ಲ. ಸಮಾಧಾನದ ಮಾತು. ಆದರೆ ಅವರಲ್ಲಿ ಬಹುಪಾಲು ದೊಡ್ಡವರು. ಮಕ್ಕಳ ವಿಷಯದಲ್ಲಿ ವೈದ್ಯರು ಈಗಲೂ ತಕ್ಕಡಿ ಹಿಡಿದೇ ಕೂರ್ತಾರೆ. ಆ ತಕ್ಕಡಿ ಹಿಡಿಯುವುದನ್ನ ಕಲಿಸಿದವರು ವಿಯೆನ್ನಾದ ಆ ಹುಡುಗಿ ಮತ್ತು ಇಸ್ರೇಲಿನ ಆ ಮಕ್ಕಳು.

ಭಾರತಕ್ಕೆ ಗಾಮಾ ನೈಫ್ ಬಂದದ್ದು 1997ರಲ್ಲಿ, ಮುಂಬೈನ ಹಿಂದುಜಾ ಆಸ್ಪತ್ರೆಗೆ ಮತ್ತು ದಿಲ್ಲಿಯ ಏಮ್ಸ್‌ಗೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ಗೆ 2000ದ ದಶಕದಲ್ಲಿ ಬಂತು. ನಿಮ್ಹಾನ್ಸ್‌ಗೆ ಇದು ತೀರಾ ಹೊಸ ಲೋಕವೇನಲ್ಲ. ಅಲ್ಲಿನ ಮೊದಲ ನಿರ್ದೇಶಕರಾಗಿದ್ದ ಡಾ. ಆರ್. ಎಂ. ವರ್ಮಾ, ತಲೆಬುರುಡೆ ತೆರೆಯದೆ, ಅದರ ಬುಡದಲ್ಲಿ ಹುಟ್ಟಿನಿಂದಲೇ ಇರುವ ರಂಧ್ರದ ಮೂಲಕ ಸೂಜಿ ಬಿಟ್ಟು ಪಾರ್ಕಿನ್ಸನ್ ರೋಗಿಗಳಿಗೆ ಚಿಕಿತ್ಸೆ ಕೊಡುವ ವಿಧಾನ ರೂಪಿಸಿದವರು. ಬುರುಡೆ ಬಿಚ್ಚದೆ ಮಿದುಳಿನ ಆಳ ಮುಟ್ಟುವ ಆಸೆ ಸ್ಟಾಕ್‌ಹೋಮ್‌ಗೆ ಮಾತ್ರ ಇರಲಿಲ್ಲ. 2019ರಲ್ಲಿ ಚೆನ್ನೈನಲ್ಲಿ ಪ್ರೋಟಾನ್ ಚಿಕಿತ್ಸಾ ಕೇಂದ್ರವೂ ಶುರುವಾಯಿತು. ಲೆಕ್ಸೆಲ್ ಯಾವ ಯಂತ್ರವನ್ನ ಆಸ್ಪತ್ರೆಗೆ ತರಲಾಗದು ಅಂತ ಕೈಬಿಟ್ಟರೋ, ಅದು ಅರವತ್ತು ವರ್ಷದ ನಂತರ ನಮ್ಮ ಪಕ್ಕದ ರಾಜ್ಯದ ಆಸ್ಪತ್ರೆಯಲ್ಲೇ ಇದೆ.

ಯಂತ್ರಗಳು ಇನ್ನೂ ಬರುತ್ತವೆ, ಹೊಸ ಹೆಸರು ಹೊತ್ತು. ಪ್ರತಿ ಸಲವೂ ನಮ್ಮ ಪರದೆಯ ಕೆಳಗೆ ಕೆಂಪು ಪಟ್ಟಿ ಓಡುತ್ತೆ. ನೋಡುವವರಿಗೆ ನಾನು ಹೇಳೋದು ಇಷ್ಟೇ. ಸುದ್ದಿ ನೋಡಿ ಚಿಕಿತ್ಸೆ ಬಿಡಬೇಡಿ, ಸುದ್ದಿ ನೋಡಿ ಪ್ರಶ್ನೆ ಕೇಳಿ. ನಿಮ್ಮ ಡಾಕ್ಟರ್ ಮುಂದೆ ಕೂತು ಕೇಳಿ: ಗಡ್ಡೆಯ ಹೆಸರೇನು? ಎಲ್ಲಿದೆ, ಎಷ್ಟು ದೊಡ್ಡದು? ಟೀವಿಯಲ್ಲಿ ಹೇಳಿದ ಆ ಚಿಕಿತ್ಸೆ ನನ್ನ ಮಗುವಿಗೆ ಯಾಕೆ ಆಗುತ್ತೆ, ಅಥವಾ ಯಾಕೆ ಆಗಲ್ಲ? ಕೇಳೋಕೆ ಸಂಕೋಚ ಬೇಡ. ಹಾವೇರಿಯ ಆ ತಂದೆ ನನಗೆ ಕೇಳಿದ ಪ್ರಶ್ನೆಯನ್ನ ಆಸ್ಪತ್ರೆಯಲ್ಲೇ ಕೇಳಿದ್ದರೆ ಆ ಎಂಟು ದಿನ ಹೋಗುತ್ತಿರಲಿಲ್ಲ. ಅವರು ಅಲ್ಲಿ ಕೇಳದೆ ಇಲ್ಲಿ ಕೇಳಿದ್ದಕ್ಕೆ ಕಾರಣ, ನಾನು ಅಷ್ಟು ನಂಬಿಕೆಯ ದನಿಯಲ್ಲಿ ಓದಿದ್ದೆ.

ಅವರು ಇನ್ನೊಂದು ಸಲ ಫೋನ್ ಮಾಡಿದ್ದರು. “ಮೂವತ್ತೂ ಮುಗದ್ವು ನೋಡ್ರಿ ಸರ. ಈಗ ಮನಿಯಾಗ ಅದಾಳ. ತಲಿಗೆ ಟೊಪಿಗಿ ಹಾಕ್ಕೊಂಡು ಸಾಲಿಗೆ ಹೊಕ್ಕೀನಿ ಅಂತ ಹಟ ಹಿಡದಾಳ” ಅಂದರು. ನಾನು ಕ್ಷಮೆ ಕೇಳಿದೆ. ಅವರಿಗೆ ಅದು ಯಾಕೆ ಅಂತಲೇ ಅರ್ಥವಾಗಲಿಲ್ಲ. “ಅಯ್ಯ, ನೀವು ಫೋನ್ ಎತ್ತಿದ್ರಲ್ರಿ, ಅದ ದೊಡ್ಡದು” ಅಂದರು.

ಆವತ್ತಿನಿಂದ ನಮ್ಮ ಡೆಸ್ಕ್‌ನಲ್ಲಿ ಒಂದು ನಿಯಮ ಇದೆ. ಆರೋಗ್ಯದ ಸುದ್ದಿ ಯಾವುದೇ ಇರಲಿ, ‘ಮಾಯ’ ಅನ್ನೋ ಪದ ಬರೆದರೆ ನಾನು ಓದಲ್ಲ.